ಶಾಲೆಯ ಹಳೇ ವಿಜ್ಞಾನ ಸಿ.ಡಿ.: ದನಿ ಬರುತ್ತದೆ, ಚಿತ್ರ ಬರುವುದಿಲ್ಲ

ವಿಜ್ಞಾನ ಮೇಡಂ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಬೀರುವಿನಲ್ಲಿ ಕನ್ನಡ ಮಾಧ್ಯಮದ ವಿಜ್ಞಾನ ಸಿ.ಡಿ.ಗಳ ಒಂದು ಸೆಟ್ ಇದೆ. ಇಪ್ಪತ್ತು ವರ್ಷ ಹಳೆಯದು. ಪ್ರಯೋಗಗಳನ್ನು ನಿಧಾನವಾಗಿ, ಒಂದೊಂದೇ ಹಂತ ತೋರಿಸಿ, ನಮ್ಮ ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿದ್ದಾರೆ. ನಮ್ಮಲ್ಲಿ ಲ್ಯಾಬ್ ಸಾಮಾನು ಕಡಿಮೆ ಇರುವುದರಿಂದ ಇವು ನನಗೆ ಬೇಕೇ ಬೇಕು.

ಈಗ ಶಾಲೆಗೆ ಹೊಸ ಕಂಪ್ಯೂಟರ್‌ಗಳು ಬಂದಿವೆ. ವಿಂಡೋಸ್ 10, 64 ಬಿಟ್. ಹೊರಗಿನಿಂದ ಜೋಡಿಸುವ ಡಿ.ವಿ.ಡಿ. ಡ್ರೈವ್ ಹಾಕಿ ನೋಡಿದೆವು. ಮೊದಲನೇ ಡಿಸ್ಕ್‌ನಲ್ಲಿ ಮೆನು ಬರುತ್ತದೆ, ಪಾಠದ ಹೆಸರು ಒತ್ತಿದರೆ ವಿವರಣೆಯ ದನಿ ಕೇಳುತ್ತದೆ, ಆದರೆ ಚಿತ್ರ ಬರಬೇಕಾದ ಚೌಕ ಪೂರ್ತಿ ಕಪ್ಪು. ಕೆಲವು ಪಾಠ ಮಾತ್ರ ಸರಿಯಾಗಿ ಬರುತ್ತವೆ, ಇದೇ ನನಗೆ ಅರ್ಥವಾಗದ್ದು. ಇನ್ನೊಂದು ಡಿಸ್ಕ್‌ನಲ್ಲಿ ಸೆಟಪ್ ಒತ್ತಿದ ಕೂಡಲೇ ಈ ಆ್ಯಪ್ ನಿಮ್ಮ ಪಿ.ಸಿ.ಯಲ್ಲಿ ಓಡುವುದಿಲ್ಲ ಎಂದು ಬರುತ್ತದೆ. ಮೂರನೆಯದರಲ್ಲಿ ಮೆನುವೇ ಇಲ್ಲ, ಡಿಎಟಿ ಅಂತ ಕೊನೆಯಾಗುವ ದೊಡ್ಡ ಫೈಲ್ ಇದೆ, ಯಾವುದರಲ್ಲಿ ತೆರೆಯಬೇಕು ಅಂತ ಕಂಪ್ಯೂಟರ್ ನನ್ನನ್ನೇ ಕೇಳುತ್ತದೆ.

ಅಂಗಡಿಯವರು ಡಿಸ್ಕ್ ಹಾಳಾಗಿದೆ, ಬಿಸಾಕಿ ಅಂದರು. ಹಾಳಾಗಿದ್ದರೆ ದನಿ ಹೇಗೆ ಬರುತ್ತದೆ? ಯಾರಾದರೂ ದಾರಿ ಹೇಳಿ.

ಲ್ಯಾಬ್ ರಿಪೇರಿ, ದಾವಣಗೆರೆ

ಮೇಡಂ, ಬಿಸಾಕಬೇಡಿ. ನೀವು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಮೂರು ಡಿಸ್ಕ್‌ಗೂ ಮೂರು ಬೇರೆ ಬೇರೆ ಕಾಯಿಲೆ, ಒಂದೇ ಔಷಧಿ ನಡೆಯುವುದಿಲ್ಲ.

ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ತೊಂದರೆ ಎಲ್ಲಿದೆ ಅಂತ ನೋಡಿ. ತೊಂದರೆ ಡಿಸ್ಕ್‌ನದ್ದಾಗಿರಬಹುದು, ವಿಡಿಯೋ ಫೈಲಿನದ್ದಾಗಿರಬಹುದು, ಆ ಫೈಲನ್ನು ಬಿಡಿಸಿ ಚಿತ್ರ ಮಾಡುವ ಕೊಡೆಕ್‌ನದ್ದಾಗಿರಬಹುದು, ಇಲ್ಲವೇ ಮೆನು ತೋರಿಸುವ ಪ್ರೋಗ್ರಾಂನದ್ದೇ ಆಗಿರಬಹುದು. ದನಿ ಬಂದು ಚಿತ್ರ ಕಪ್ಪಾದರೆ ಹೆಚ್ಚಾಗಿ ಕೊಡೆಕ್. ಎರಡೂ ತಡೆದು ತಡೆದು ಬಂದು ಡ್ರೈವ್ ಕರಕರ ಅಂದರೆ ಡಿಸ್ಕ್ ಓದಲಾಗುತ್ತಿಲ್ಲ. ಶುರುವಿನಲ್ಲಿ ಮಾತ್ರ ನಿಂತು ಆಮೇಲೆ ಚೆನ್ನಾಗಿ ಓಡಿದರೆ ಅದು ತೊಂದರೆಯೇ ಅಲ್ಲ, ಸುಮ್ನೆ ಕೂತಿದ್ದ ಡ್ರೈವ್ ಮತ್ತೆ ತಿರುಗಲು ಹಿಡಿಯುವ ಸಮಯ ಅಷ್ಟೇ.

ಹೀಗೆ ಮಾಡಿ. ಡಿಸ್ಕನ್ನು ಎಕ್ಸ್‌ಪ್ಲೋರರ್‌ನಲ್ಲಿ ತೆರೆಯಿರಿ, ಮೆನು ಮೂಲಕ ಹೋಗಬೇಡಿ. ಒಳಗಿನ ಫೋಲ್ಡರ್‌ಗಳಲ್ಲಿ ಜಾಸ್ತಿ ಗಾತ್ರದ ಫೈಲ್‌ಗಳನ್ನು ಹುಡುಕಿ. ಹೆಸರಿನ ಕೊನೆಯಲ್ಲಿ ಎವಿಐ, ಎಂಒವಿ, ಎಂಪಿಜಿ, ಇವುಗಳಲ್ಲಿ ಒಂದು ಇರುತ್ತದೆ. ಕಪ್ಪಾಗುವ ಪಾಠದ ಒಂದು, ಚೆನ್ನಾಗಿ ಬರುವ ಪಾಠದ ಒಂದು, ಎರಡನ್ನೂ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ವಿಎಲ್‌ಸಿ ಎಂಬ ಉಚಿತ ವಿಡಿಯೋ ಪ್ಲೇಯರ್‌ನಲ್ಲಿ ತೆರೆಯಿರಿ. ವಿಡಿಯೋ ಓಡುತ್ತಿರುವಾಗ ಕಂಟ್ರೋಲ್ ಜೊತೆ ಜೆ ಒತ್ತಿದರೆ ಕೊಡೆಕ್ ವಿವರ ಬರುತ್ತದೆ. ಅಲ್ಲಿ ನಾಲ್ಕು ಅಕ್ಷರದ ಒಂದು ಗುರುತು ಇರುತ್ತದೆ. ಆ ನಾಲ್ಕು ಅಕ್ಷರ ಇಲ್ಲಿ ಬರೆಯಿರಿ.

ಶಿವಮೊಗ್ಗ ಹುಡುಗ

ಇಷ್ಟೆಲ್ಲಾ ಯಾಕೆ? ನೆಟ್‌ನಲ್ಲಿ ಕೊಡೆಕ್ ಪ್ಯಾಕ್ ಸಿಗುತ್ತದೆ, ಹಾಕಿದರೆ ಎಲ್ಲಾ ಬರುತ್ತದೆ. ಅದೂ ಆಗದಿದ್ದರೆ ಯೂಟ್ಯೂಬ್‌ನಲ್ಲಿ ಇದೇ ಪ್ರಯೋಗಗಳು ಬೇಕಾದಷ್ಟು ಇವೆ ಅಲ್ವಾ?

ಗ್ರಂಥಪಾಲಕ, ಧಾರವಾಡ

ಯೂಟ್ಯೂಬ್‌ನಲ್ಲಿ ಇರುವುದು ನಿಜ. ಆದರೆ ಕನ್ನಡ ಮಾಧ್ಯಮದ ಆಗಿನ ಪಠ್ಯಕ್ಕೆ ಹೊಂದಿಕೊಂಡು ಮಾಡಿದ ಎಷ್ಟೋ ವಿಡಿಯೋಗಳು ಡಿಸ್ಕ್ ಬಿಟ್ಟು ಬೇರೆಲ್ಲೂ ಇಲ್ಲ. ಮಾಡಿದ ಸಂಸ್ಥೆಗಳೂ ಕೆಲವು ಮುಚ್ಚಿಹೋಗಿವೆ. ಹಾಗಾಗಿ ನನ್ನ ಮಾತು ಇಷ್ಟೇ: ರಿಪೇರಿ ಆಮೇಲೆ, ಮೊದಲು ನಕಲು.

ಡಿಸ್ಕನ್ನು ಪೂರ್ತಿಯಾಗಿ ಒಂದು ಐಎಸ್ಒ ಫೈಲ್, ಅಂದರೆ ಇಡೀ ಡಿಸ್ಕಿನ ನಕಲು ಇರುವ ಒಂದೇ ಫೈಲ್, ಮಾಡಿ ಇಟ್ಟುಕೊಳ್ಳಿ. ಇಮೇಜ್‌ಬರ್ನ್ ಎಂಬ ಉಚಿತ ತಂತ್ರಾಂಶ ಸಾಕು. ವಿಂಡೋಸ್ 8ರಿಂದ ಈಚೆಗೆ ಐಎಸ್ಒ ಮೇಲೆ ಎರಡು ಸಲ ಒತ್ತಿದರೆ ಅದು ಸಿ.ಡಿ. ಹಾಕಿದ ಹಾಗೆಯೇ ಒಂದು ಡ್ರೈವ್ ಆಗಿ ಕಾಣಿಸುತ್ತದೆ. ಆಮೇಲೆ ಮೂಲ ಡಿಸ್ಕ್ ಮುಟ್ಟುವ ಅಗತ್ಯವೇ ಇಲ್ಲ, ಒಂದೇ ಸಿ.ಡಿ.ಯನ್ನು ಲ್ಯಾಬ್‌ನ ಎಲ್ಲ ಯಂತ್ರಕ್ಕೂ ಹೊತ್ತು ತಿರುಗುವುದೂ ಬೇಡ.

ಸಾಗರ ಅಂದರೆ ಮಲೆನಾಡು, ಮಳೆಗಾಲದಲ್ಲಿ ಬೀರುವಿನೊಳಗೂ ತೇವ ಇರುತ್ತದೆ. ಡಿಸ್ಕ್ ಮೇಲೆ ಬೂಷ್ಟು ಅಥವಾ ಧೂಳು ಇದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತು ಸುತ್ತಾಗಿ ಒರೆಸಬೇಡಿ. ದತ್ತಾಂಶ ಸುರುಳಿಯಾಗಿ ಬರೆದಿರುತ್ತದೆ, ಸುತ್ತಲೂ ಬಿದ್ದ ಗೀರು ಒಂದೇ ಕಡೆಯ ಉದ್ದನೆಯ ಭಾಗವನ್ನು ಹಾಳುಮಾಡುತ್ತದೆ, ಅಡ್ಡ ಬಿದ್ದ ಗೀರನ್ನು ಡ್ರೈವ್ ಸರಿಪಡಿಸಿಕೊಂಡು ಓದುತ್ತದೆ. ಇನ್ನೊಂದು ವಿಷಯ, ಎಲ್ಲರೂ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾರೆ, ಆದರೆ ಸಿ.ಡಿ.ಯಲ್ಲಿ ಹೆಚ್ಚು ನಾಜೂಕಾದದ್ದು ಹೆಸರು ಬರೆದಿರುವ ಮೇಲಿನ ಬದಿ. ಬೆಳಕನ್ನು ಹಿಂದಕ್ಕೆ ಕಳಿಸುವ ತೆಳು ಲೋಹದ ಪದರ ಇರುವುದು ಅದರ ಕೆಳಗೇ. ಅಲ್ಲಿ ಗೀರು ಬಿದ್ದು ಪದರ ಎದ್ದರೆ ಪಾಲಿಶ್ ಮಾಡಿ ಏನೂ ಪ್ರಯೋಜನವಿಲ್ಲ. ಶಾಲೆಯ ಸ್ಟಿಕ್ಕರ್ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಪದರವೂ ಜೊತೆಗೇ ಬರುತ್ತದೆ.

ಓದುವಾಗ ನಡುವೆ ಸೈಕ್ಲಿಕ್ ರಿಡಂಡನ್ಸಿ ಚೆಕ್ ಅಂತ ತಪ್ಪು ತೋರಿಸಿ ನಿಂತರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದು ಸಾಮಾನ್ಯ. ಹಳೆಯ ಕಂಪ್ಯೂಟರ್‌ನ ಒಳಗಿನ ಡ್ರೈವ್ ಇನ್ನೂ ಇದ್ದರೆ ಅದನ್ನೂ ಬಳಸಿ.

ನಕಲು ಮಾಡುವುದು ಸರಿಯೋ ಅಂತ ಕೇಳುವವರು ಇರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ, ಕಂಪ್ಯೂಟರ್ ಪ್ರೋಗ್ರಾಂ ಕಳೆದುಹೋಗದಂತೆ, ಹಾಳಾಗದಂತೆ ಕಾಪಾಡಿಕೊಳ್ಳಲು ಅದನ್ನು ನ್ಯಾಯವಾಗಿ ಪಡೆದವರು ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು ಎಂದಿದೆ. ನೆಟ್‌ಗೆ ಹಾಕುವುದು, ಪೆನ್‌ಡ್ರೈವ್‌ನಲ್ಲಿ ಹಂಚುವುದು ಬೇರೆ ಮಾತು, ಅದಕ್ಕೆ ಅನುಮತಿ ಬೇಕು.

ವಿಜ್ಞಾನ ಮೇಡಂ, ಸಾಗರ

ಧನ್ಯವಾದ ಸರ್. ಮೂರರಲ್ಲಿ ಮೊದಲ ಎರಡಕ್ಕೆ ಐಎಸ್ಒ ಆಯಿತು, ತಪ್ಪು ಏನೂ ತೋರಿಸಲಿಲ್ಲ. ಅಂದರೆ ಡಿಸ್ಕ್ ಚೆನ್ನಾಗಿದೆ.

ದಾವಣಗೆರೆಯ ಸರ್ ಹೇಳಿದ ಹಾಗೆ ನೋಡಿದೆ. ಫೈಲ್‌ಗಳು ಎವಿಐ. ಚೆನ್ನಾಗಿ ಬರುವ ಪಾಠಗಳಲ್ಲಿ ಸಿವಿಐಡಿ ಅಂತ ಇದೆ. ಕಪ್ಪಾಗುವ ಪಾಠಗಳಲ್ಲಿ ಐವಿ50. ಆದರೆ ವಿಎಲ್‌ಸಿಯಲ್ಲಿ ಎರಡೂ ಚೆನ್ನಾಗಿ ಓಡುತ್ತವೆ, ಚಿತ್ರವೂ ದನಿಯೂ ಬರುತ್ತದೆ! ತುಂಬಾ ಸಂತೋಷವಾಯಿತು. ಮತ್ತೆ ಮೆನುವಿಗೆ ಹೋಗಿ ಒತ್ತಿದರೆ ಮಾತ್ರ ಮೊದಲಿನ ಹಾಗೆಯೇ ಕಪ್ಪು. ವಿಎಲ್‌ಸಿ ಹಾಕಿದ ಮೇಲೂ ಯಾಕೆ ಹೀಗೆ?

ವಿಡಿಯೋ ಮಾತ್ರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಮೆನುವಿನಲ್ಲಿ ವಿಡಿಯೋ ನಡುವೆ ನಿಂತು ಪ್ರಶ್ನೆ ಕೇಳುತ್ತದೆ, ಮಕ್ಕಳು ಉತ್ತರ ಒತ್ತಿದ ಮೇಲೆ ಮುಂದಕ್ಕೆ ಹೋಗುತ್ತದೆ. ನನಗೆ ಅದೇ ಬೇಕಾಗಿರುವುದು.

ಲ್ಯಾಬ್ ರಿಪೇರಿ, ದಾವಣಗೆರೆ

ಇದೇ ಗುರುತು ಬೇಕಿತ್ತು. ಐವಿ50 ಅಂದರೆ ಇಂಡಿಯೋ 5. ಇಂಟೆಲ್ ಮಾಡಿದ ಕೊಡೆಕ್, ಆಮೇಲೆ 2000ದಲ್ಲಿ ಲಿಗೋಸ್ ಎಂಬ ಕಂಪನಿಗೆ ಹೋಯಿತು. ಸಿವಿಐಡಿ ಅಂದರೆ ಸಿನಿಪ್ಯಾಕ್, ಅದು ಇನ್ನೂ ಹಳೆಯದು, 1991ರದ್ದು. ಆ ಕಾಲದ ಡ್ರೈವ್‌ಗಳು ಒಂದು ಸೆಕೆಂಡಿಗೆ 150 ಕಿಲೋಬೈಟ್ ಓದುತ್ತಿದ್ದವು, ಎರಡರಷ್ಟು ವೇಗದವು 300. ಅಷ್ಟರಲ್ಲೇ ಚಿತ್ರವೂ ದನಿಯೂ ಹಿಡಿಸಬೇಕಿತ್ತು. ಅದಕ್ಕೇ ಚೌಕ ಅಷ್ಟು ಚಿಕ್ಕದು, 320 ಅಗಲ 240 ಎತ್ತರ, ಸೆಕೆಂಡಿಗೆ 15 ಚಿತ್ರ.

ಹಳೆಯದೇ ಬರುತ್ತದೆ, ಹೊಸದು ಬರುವುದಿಲ್ಲ, ಯಾಕೆ? ಸಿನಿಪ್ಯಾಕ್‌ನ 32 ಬಿಟ್ ಕೊಡೆಕ್ ವಿಂಡೋಸ್ 10ರ ಒಳಗೆ ಈಗಲೂ ಇದೆ. ಇಂಡಿಯೋದಲ್ಲಿ ಭದ್ರತೆಯ ದೋಷ ಸಿಕ್ಕಿತು. 2009ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಅದರ ಬಳಕೆಗೆ ಕಡಿವಾಣ ಹಾಕುವ ಅಪ್‌ಡೇಟ್ ಕೊಟ್ಟಿತು. ಹೊಸ ವಿಂಡೋಸ್‌ಗಳಲ್ಲಿ ಅದು ತಾನಾಗಿ ಕೆಲಸ ಮಾಡುವುದಿಲ್ಲ. ನಿಮ್ಮ ಡಿಸ್ಕ್ ಮಾಡಿದವರು ಕೆಲವು ಪಾಠ ಸಿನಿಪ್ಯಾಕ್‌ನಲ್ಲಿ, ಕೆಲವು ಇಂಡಿಯೋದಲ್ಲಿ ಮಾಡಿದ್ದಾರೆ. ಅದಕ್ಕೇ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ.

ಇನ್ನು ವಿಎಲ್‌ಸಿ ವಿಷಯ. ವಿಎಲ್‌ಸಿ ತನ್ನ ಊಟದ ಬುತ್ತಿಯನ್ನು ತಾನೇ ತಂದುಕೊಳ್ಳುವ ಮಗುವಿನ ಹಾಗೆ, ಬೇರೆಯವರಿಗೆ ಬಡಿಸುವುದಿಲ್ಲ. ಕೊಡೆಕ್‌ಗಳೆಲ್ಲ ಅದರ ಒಳಗೇ ಇವೆ. ನಿಮ್ಮ ಮೆನು ಪ್ರೋಗ್ರಾಂ ವಿಂಡೋಸ್ ಹತ್ತಿರ ಹೋಗಿ ಐವಿ50 ಬಿಡಿಸುವವರು ಯಾರಿದ್ದಾರೆ ಅಂತ ಕೇಳುತ್ತದೆ, ವಿಂಡೋಸ್ ಯಾರೂ ಇಲ್ಲ ಅನ್ನುತ್ತದೆ, ಚೌಕ ಕಪ್ಪಾಗುತ್ತದೆ. ದನಿಗೆ ಬೇರೆ ಕೊಡೆಕ್, ಅದು ಸಾದಾ ಆಗಿರುವುದರಿಂದ ಕೇಳುತ್ತದೆ.

ಹಾಗಾಗಿ ವಿಎಲ್‌ಸಿಯಲ್ಲಿ ಓಡಿದರೆ ಒಂದು ಮಾತ್ರ ಖಾತ್ರಿ: ಡಿಸ್ಕೂ ಫೈಲೂ ಚೆನ್ನಾಗಿವೆ. ಮೆನು ಓಡುತ್ತದೆ ಅಂತ ಅರ್ಥವಲ್ಲ. ಎಷ್ಟೋ ಜನ ಇಲ್ಲೇ ಬೇಸತ್ತು ಬಿಡುತ್ತಾರೆ.

ಶಿವಮೊಗ್ಗ ಹುಡುಗ

ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತಲ್ಲ ಸರ್? ವಿಂಡೋಸ್‌ಗೆ ಕೊಡೆಕ್ ಬೇಕು, ಕೊಡೆಕ್ ಪ್ಯಾಕ್ ಹಾಕಿದರೆ ಮುಗಿಯಿತು.

ಲ್ಯಾಬ್ ರಿಪೇರಿ, ದಾವಣಗೆರೆ

ತಮ್ಮಾ, ವಿಂಡೋಸ್‌ನಲ್ಲಿ ವಿಡಿಯೋಗೆ ಹಳೆಯ ದಾರಿ ಒಂದಿದೆ, ವಿಡಿಯೋ ಫಾರ್ ವಿಂಡೋಸ್, 1992ರದ್ದು. ಆಮೇಲೆ ಡೈರೆಕ್ಟ್‌ಶೋ ಬಂತು. ಇಂಥ ಹಳೇ ಸಿ.ಡಿ. ಪ್ರೋಗ್ರಾಂಗಳು ಎವಿಐ ಅನ್ನು ಹೆಚ್ಚಾಗಿ ಮೊದಲನೇ ದಾರಿಯಲ್ಲೇ ತೆರೆಯುತ್ತವೆ. ಈಗಿನ ಪ್ಯಾಕ್‌ಗಳಲ್ಲಿ ಬರುವ ಲಾವ್ ಫಿಲ್ಟರ್ ಎರಡನೇ ದಾರಿಗೆ ಮಾಡಿದ್ದು. ಹಾಕಿದರೆ ಮೀಡಿಯಾ ಪ್ಲೇಯರ್‌ನಲ್ಲಿ ಬರಬಹುದು, ಸಿ.ಡಿ. ಮೆನುವಿನಲ್ಲಿ ಮತ್ತೆ ಕಪ್ಪೇ. ಜೊತೆಗೆ ಸಿ.ಡಿ. ಪ್ರೋಗ್ರಾಂ 32 ಬಿಟ್‌ನದ್ದು, 64 ಬಿಟ್ ಕೊಡೆಕ್ ಅದಕ್ಕೆ ಕಾಣಿಸುವುದೇ ಇಲ್ಲ.

ಸಿಕ್ಕ ಸಿಕ್ಕ ಜಾಲತಾಣದಿಂದ ಇಂಡಿಯೋ ಇಳಿಸಿ ಹಾಕುವುದನ್ನು ಶಾಲೆಯ ಯಂತ್ರದಲ್ಲಿ ಮಾಡಲೇಬಾರದು. ದೋಷ ಇದೆ ಅಂತ ಗೊತ್ತಾಗಿಯೇ ಅದನ್ನು ತಡೆದದ್ದು. ಮಕ್ಕಳು ಅದೇ ಯಂತ್ರದಲ್ಲಿ ನೆಟ್ ನೋಡುತ್ತಾರೆ.

ಹಳೇ ಸಿ.ಡಿ. ಸಂಗ್ರಹ, ಮೈಸೂರು

ಮೇಡಂ, ನಿಮಗೆ ಸುರಕ್ಷಿತವಾದ ದಾರಿ ಒಂದಿದೆ. ಕೊಡೆಕ್ ತರುವುದು ಬೇಡ, ಫೈಲನ್ನೇ ಬದಲಾಯಿಸಿ. ಸಿನಿಪ್ಯಾಕ್ ಪಾಠಗಳು ನಿಮ್ಮಲ್ಲಿ ಬರುತ್ತಿವೆ ಅಲ್ವಾ? ಹಾಗಾದರೆ ಇಂಡಿಯೋ ಫೈಲ್‌ಗಳನ್ನೂ ಸಿನಿಪ್ಯಾಕ್ ಮಾಡಿಬಿಡಿ, ಅದೇ ಹೆಸರು, ಅದೇ ಜಾಗ. ಮೆನುವಿಗೆ ಫೈಲ್ ಬದಲಾಗಿದ್ದು ಗೊತ್ತೇ ಆಗುವುದಿಲ್ಲ.

ಎಫ್‌ಎಫ್‌ಎಂಪೆಗ್ ಎಂಬ ಉಚಿತ ಉಪಕರಣ ಇಂಡಿಯೋ ಓದುತ್ತದೆ, ಸಿನಿಪ್ಯಾಕ್ ಬರೆಯುತ್ತದೆ. ಡಿಸ್ಕಿನ ಎಲ್ಲವನ್ನೂ ಹಾರ್ಡ್ ಡಿಸ್ಕ್‌ನ ಒಂದು ಫೋಲ್ಡರ್‌ಗೆ ಕಾಪಿ ಮಾಡಿ. ಐವಿ50 ಇರುವ ಫೈಲ್‌ಗಳನ್ನು ಅಲ್ಲಿಂದ ತೆಗೆದುಕೊಂಡು ಚಿತ್ರಕ್ಕೆ ಸಿನಿಪ್ಯಾಕ್, ದನಿಗೆ ಸಾದಾ 16 ಬಿಟ್ ಪಿಸಿಎಂ (ಕುಗ್ಗಿಸದ ದನಿ) ಕೊಟ್ಟು ಹೊಸ ಎವಿಐ ಮಾಡಿ, ಹಳೆಯದರ ಮೇಲೆ ಇಡಿ. ಅಗಲ ಎತ್ತರ ಬದಲಾಯಿಸಬೇಡಿ. ಚಿತ್ರ ದೊಡ್ಡದಾಗಿ ಕಾಣಲಿ ಅಂತ 640 ಮಾಡಿದರೆ ಮೆನುವಿನ ಚೌಕದಿಂದ ಹೊರಗೆ ಚೆಲ್ಲುತ್ತದೆ. ಸಿನಿಪ್ಯಾಕ್‌ಗೆ ಅಗಲವೂ ಎತ್ತರವೂ ನಾಲ್ಕರಿಂದ ಭಾಗವಾಗಬೇಕು, 320 ಮತ್ತು 240 ಆದರೆ ಚಿಂತೆಯಿಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದೂ ಮೊದಲಿನಷ್ಟೇ ಇರಲಿ.

ಮುಖ್ಯವಾಗಿ, ಮುಂದೆ ಹಿಂದೆ ಏನನ್ನೂ ಕತ್ತರಿಸಬೇಡಿ. ವಿಡಿಯೋ ನಡುವೆ ನಿಂತು ಪ್ರಶ್ನೆ ಕೇಳುತ್ತದೆ ಅಂದಿರಿ. ಪ್ರೋಗ್ರಾಂ ಅದನ್ನು ವಿಡಿಯೋದ ಸಮಯ ನೋಡಿಯೇ ಮಾಡುವುದು. ಶುರುವಿನ ಖಾಲಿ ಭಾಗ ಬೇಡ ಅಂತ ಒಂದೆರಡು ಸೆಕೆಂಡ್ ತೆಗೆದರೂ ಎಲ್ಲ ಪ್ರಶ್ನೆಗಳೂ ತಪ್ಪು ಜಾಗದಲ್ಲಿ ಬರುತ್ತವೆ.

ಸಿನಿಪ್ಯಾಕ್ ಬರೆಯುವುದು ತುಂಬಾ ನಿಧಾನ, ಈಗಿನ ಯಂತ್ರದಲ್ಲೂ ನಿಧಾನವೇ. ಕೆಟ್ಟಿತು ಅಂತ ನಿಲ್ಲಿಸಬೇಡಿ. ಸಂಜೆ ಹಚ್ಚಿ ಹೋಗಿ. ಫೈಲ್ ಗಾತ್ರ ದೊಡ್ಡದಾಗುತ್ತದೆ, ಹಾರ್ಡ್ ಡಿಸ್ಕ್‌ನಲ್ಲಿ ಇರುವುದರಿಂದ ಪರವಾಗಿಲ್ಲ. ಚಿತ್ರ ಸ್ವಲ್ಪ ಮಂಕಾಗುತ್ತದೆ, ಅದಕ್ಕೇ ಮೂಲ ಐಎಸ್ಒ ಮುಟ್ಟದೆ ಇಡಿ.

ಫೋಲ್ಡರ್‌ನಿಂದ ಓಡಿಸಿದಾಗ ಸಿ.ಡಿ. ಹಾಕಿ ಅಂತ ಕೇಳಿದರೆ, ಬದಲಾಯಿಸಿದ ಫೋಲ್ಡರ್‌ನಿಂದ ಹೊಸ ಐಎಸ್ಒ ಮಾಡಿ. ಡಿಸ್ಕಿನ ಹೆಸರು, ಅಂದರೆ ವಾಲ್ಯೂಮ್ ಲೇಬಲ್, ಅಕ್ಷರ ಅಕ್ಷರ ಮೊದಲಿನದ್ದೇ ಕೊಡಿ. ಹಳೇ ಪ್ರೋಗ್ರಾಂಗಳು ಸಾಮಾನ್ಯವಾಗಿ ಅದನ್ನೇ ಹುಡುಕುತ್ತವೆ.

ಉಬುಂಟು ಮೇಷ್ಟ್ರು, ಮಂಡ್ಯ

ಎರಡನೇ ಡಿಸ್ಕ್ ಬಗ್ಗೆ ಯಾರೂ ಹೇಳಲಿಲ್ಲ. ಸೆಟಪ್ಪೇ ಓಡುವುದಿಲ್ಲ ಅಂದರೆ ಅದು 16 ಬಿಟ್ ಪ್ರೋಗ್ರಾಂ, ವಿಂಡೋಸ್ 3.1 ಕಾಲದ್ದು. 64 ಬಿಟ್ ವಿಂಡೋಸ್‌ನಲ್ಲಿ ಅದನ್ನು ಓಡಿಸುವ ಭಾಗವೇ ಇಲ್ಲ, ಕಂಪ್ಯಾಟಿಬಿಲಿಟಿ ಮೋಡ್ ಏನು ಆರಿಸಿದರೂ ಆಗುವುದಿಲ್ಲ. 32 ಬಿಟ್ ವಿಂಡೋಸ್ 10ರಲ್ಲಿ ಇತ್ತು, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಕೆಲವೊಮ್ಮೆ ಸೆಟಪ್ ಮಾತ್ರ 16 ಬಿಟ್ ಇದ್ದು ಒಳಗಿನ ಪ್ರೋಗ್ರಾಂ 32 ಬಿಟ್ ಇರುತ್ತದೆ. ಆದ್ದರಿಂದ ಡಿಸ್ಕ್ ಒಳಗೆ ಬೇರೆ ಇಎಕ್ಸ್ಇ, ಅಂದರೆ ಪ್ರೋಗ್ರಾಂ ಫೈಲ್, ಇದ್ದರೆ ಅದನ್ನು ನೇರವಾಗಿ ಒತ್ತಿ ನೋಡಿ.

ಅದೂ ಆಗದಿದ್ದರೆ ಎರಡು ದಾರಿ. ಲಿನಕ್ಸ್ ಯಂತ್ರ ಇದ್ದರೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿ. 64 ಬಿಟ್ ಲಿನಕ್ಸ್‌ನಲ್ಲೂ 32 ಬಿಟ್ ವೈನ್ ಇದ್ದರೆ 16 ಬಿಟ್ ಪ್ರೋಗ್ರಾಂಗಳು ಓಡುತ್ತವೆ. ವಿಂಡೋಸ್ ಕೈಬಿಟ್ಟದ್ದನ್ನು ಲಿನಕ್ಸ್ ಓಡಿಸುತ್ತದೆ ಅಂದರೆ ಹಲವರು ನಂಬುವುದಿಲ್ಲ, ನಿಜ ಇದು. ಇಲ್ಲವೇ ಕಂಪ್ಯೂಟರ್ ಒಳಗೇ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಹಳೇ ವಿಂಡೋಸ್ ಎಕ್ಸ್‌ಪಿ ಹಾಕಿ, ಶಾಲೆಯ ಹಳೇ ಯಂತ್ರದ ಜೊತೆ ಬಂದ ಎಕ್ಸ್‌ಪಿ ಡಿಸ್ಕೂ ಅದರ ಕೀಯೂ ಇರುತ್ತದಲ್ಲ, ಅದರ ಪರವಾನಗಿ ಏನು ಹೇಳುತ್ತದೆ ಅಂತ ಒಮ್ಮೆ ಓದಿಕೊಳ್ಳಿ. ಅದರೊಳಗೆ ನೆಟ್‌ವರ್ಕ್ ಪೂರ್ತಿ ಬಂದ್ ಮಾಡಿ, ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಂತಿದೆ.

256 ಬಣ್ಣ ಬೇಕು ಅಂತ ಹೇಳುವ ಪ್ರೋಗ್ರಾಂಗಳೂ ಇವೆ. ಅವಕ್ಕೆ ಇಎಕ್ಸ್ಇ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿ 8 ಬಿಟ್ ಬಣ್ಣ ಮತ್ತು 640ಕ್ಕೆ 480 ಆರಿಸಿದರೆ ಸಾಕು. ಹಾರ್ಡ್ ಡಿಸ್ಕ್‌ನಲ್ಲಿ ಜಾಗ ಸಾಲದು ಅಂತ ಹೊಸ ಯಂತ್ರದಲ್ಲಿ ತೋರಿಸಿದರೆ ಗಾಬರಿ ಬೇಡ. ಈಗಿನ ಡಿಸ್ಕ್‌ಗಳ ಗಾತ್ರ ಆ ಕಾಲದ ಸೆಟಪ್ ಎಣಿಸುವ ಮಿತಿಯನ್ನೇ ದಾಟಿದೆ.

ವಿಜ್ಞಾನ ಮೇಡಂ, ಸಾಗರ

ಮೊದಲನೇ ಡಿಸ್ಕಿನ ಎಲ್ಲ ಪಾಠಗಳೂ ಮೆನುವಿನಲ್ಲೇ ಓಡುತ್ತಿವೆ! ಪ್ರಶ್ನೆಗಳೂ ಸರಿಯಾದ ಜಾಗದಲ್ಲಿ ಬರುತ್ತಿವೆ. ಮೈಸೂರಿನ ಸರ್‌ಗೆ, ದಾವಣಗೆರೆಯ ಸರ್‌ಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಎರಡನೇ ಡಿಸ್ಕ್‌ಗೆ ಸೆಟಪ್ ಬಿಟ್ಟು ಒಳಗಿನ ಇಎಕ್ಸ್ಇ ಒತ್ತಿದೆ, ತೆರೆಯಿತು.

ಇನ್ನು ಎರಡು ಸಂಗತಿ. ಒಂದು, ಸಹೋದ್ಯೋಗಿಯೊಬ್ಬರು ಫೋಲ್ಡರ್‌ಗೆ ಬೆಳಕು ಅಂತ ಕನ್ನಡದಲ್ಲಿ ಹೆಸರಿಟ್ಟರು, ಅವರ ಯಂತ್ರದಲ್ಲಿ ಒಂದು ವಿಡಿಯೋವೂ ಬರುತ್ತಿಲ್ಲ. ಎರಡು, ಎರಡನೇ ಡಿಸ್ಕ್‌ನಲ್ಲಿ ವಿಡಿಯೋ ಕೆಳಗೆ ಬರುವ ಕನ್ನಡ ಬರಹದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ.

ಹಳೇ ಸಿ.ಡಿ. ಸಂಗ್ರಹ, ಮೈಸೂರು

ಎರಡಕ್ಕೂ ಬೇರು ಒಂದೇ. ಈ ಪ್ರೋಗ್ರಾಂಗಳು ಯೂನಿಕೋಡ್, ಅಂದರೆ ಕನ್ನಡವೂ ಸೇರಿ ಎಲ್ಲ ಲಿಪಿಗಳಿಗೂ ಇರುವ ಈಗಿನ ಅಕ್ಷರ ಸಂಕೇತ, ಅರಿಯದವು. ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೆ ಆ ದಾರಿಯನ್ನು ಓದಲಾಗದೆ ಫೈಲ್ ಸಿಗುವುದಿಲ್ಲ. ಹೆಸರನ್ನು ಇಂಗ್ಲಿಷ್‌ನಲ್ಲಿ, ಎಂಟು ಅಕ್ಷರದೊಳಗೆ, ಜಾಗ ಬಿಡದೆ ಇಡಿ. ಡೆಸ್ಕ್‌ಟಾಪ್‌ನಲ್ಲಿ ಇಡಬೇಡಿ, ಬಳಕೆದಾರರ ಹೆಸರು ಕನ್ನಡದಲ್ಲಿದ್ದರೆ ಅದೂ ದಾರಿಯೊಳಗೆ ಸೇರಿಕೊಳ್ಳುತ್ತದೆ. ನೇರವಾಗಿ ಸಿ ಅಥವಾ ಡಿ ಡ್ರೈವ್‌ನಲ್ಲಿ ಇರಲಿ.

ಬರಹದ ವಿಷಯಕ್ಕೆ, ಆಗ ಕನ್ನಡವನ್ನು ನುಡಿ, ಬರಹ, ಶ್ರೀಲಿಪಿಯಂಥ ಫಾಂಟ್‌ಗಳಲ್ಲಿ ಬರೆಯುತ್ತಿದ್ದರು. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದರ ಮೇಲೆ ಕನ್ನಡದ ಆಕಾರ ಕೂರಿಸುತ್ತಿತ್ತು. ಸೆಟಪ್ ಓಡಿದ್ದರೆ ಫಾಂಟ್ ಅದೇ ಹಾಕುತ್ತಿತ್ತು, ನೀವು ಅದನ್ನು ದಾಟಿ ಬಂದಿದ್ದೀರಿ. ಡಿಸ್ಕ್ ಒಳಗೆ ಫಾಂಟ್ಸ್ ಎಂಬ ಫೋಲ್ಡರ್ ಅಥವಾ ಟಿಟಿಎಫ್ ಫೈಲ್ ಹುಡುಕಿ, ಬಲಗುಂಡಿ ಒತ್ತಿ ಇನ್‌ಸ್ಟಾಲ್ ಕೊಡಿ. ಡಿಸ್ಕ್‌ನಲ್ಲಿ ಬಂದದ್ದನ್ನೇ ಹಾಕಬೇಕು. ಒಂದೇ ಹೆಸರಿನ ಫಾಂಟ್‌ನ ಬೇರೆ ಆವೃತ್ತಿ ಹಾಕಿದರೆ ಕೆಲವು ಒತ್ತಕ್ಷರಗಳು ತಪ್ಪಾಗಬಹುದು.

ಉಬುಂಟು ಮೇಷ್ಟ್ರು, ಮಂಡ್ಯ

ಮೂರನೇ ಡಿಸ್ಕ್ ನನಗೆ ಬಿಡಿ. ಎಂಪೆಗ್ಎವಿ ಎಂಬ ಫೋಲ್ಡರ್ ಒಳಗೆ ಎವಿಎಸ್ಇಕ್ಯೂ01 ಅಂತ ಡಿಎಟಿ ಫೈಲ್ ಇದೆಯೇ ನೋಡಿ. ಇದ್ದರೆ ಅದು ವಿ.ಸಿ.ಡಿ. ಆಗ ಮನೆಮನೆಯಲ್ಲಿ ಇದ್ದ ವಿ.ಸಿ.ಡಿ. ಪ್ಲೇಯರ್‌ಗೆ ಮಾಡಿದ್ದು. ಒಳಗೆ ಇರುವುದು ಎಂಪೆಗ್ 1, ನಮ್ಮ ಪಾಲ್ ಎಂಬ ಟಿ.ವಿ. ಪದ್ಧತಿಯಲ್ಲಿ 352ಕ್ಕೆ 288. ವಿಎಲ್‌ಸಿಗೆ ಕೊಟ್ಟರೆ ಓಡುತ್ತದೆ.

ಆದರೆ ಧಾರವಾಡದ ಸರ್ ಹೇಳಿದ ಐಎಸ್ಒ ವಿಧಾನ ಇದಕ್ಕೆ ನಡೆಯುವುದಿಲ್ಲ, ಅದಕ್ಕೇ ಮೇಡಂಗೆ ಎರಡಕ್ಕೆ ಮಾತ್ರ ಆದದ್ದು. ವಿ.ಸಿ.ಡಿ.ಯಲ್ಲಿ ಚಿತ್ರದ ಭಾಗ ಬೇರೆ ರೀತಿಯ ಸೆಕ್ಟರ್‌ಗಳಲ್ಲಿ, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಂಡುಗಳಲ್ಲಿ, ಇರುತ್ತದೆ. ಸಾಮಾನ್ಯ ಡೇಟಾ ಡಿಸ್ಕ್‌ನಲ್ಲಿ ಒಂದು ಸೆಕ್ಟರ್‌ಗೆ 2048 ಬೈಟ್, ಉಳಿದ ಜಾಗ ತಪ್ಪು ಸರಿಪಡಿಸಲು ಮೀಸಲು. ವಿ.ಸಿ.ಡಿ. ಚಿತ್ರಕ್ಕೆ 2324 ಬೈಟ್, ತಪ್ಪು ಸರಿಪಡಿಸುವ ಜಾಗವನ್ನೂ ಚಿತ್ರಕ್ಕೇ ಕೊಟ್ಟಿದ್ದಾರೆ. ಹಾಗಾಗಿಯೇ ಗೀರು ಬಿದ್ದ ವಿ.ಸಿ.ಡಿ. ನಿಂತುಹೋಗುವ ಬದಲು ಚಿತ್ರದಲ್ಲಿ ಚೌಕ ಚೌಕ ತೋರಿಸಿ ಮುಂದಕ್ಕೆ ಹೋಗುತ್ತದೆ.

ವಿಂಡೋಸ್‌ನಲ್ಲಿ ಆ ಡಿಎಟಿ ಫೈಲನ್ನು ಸುಮ್ನೆ ಕಾಪಿ ಮಾಡಿದರೂ ಬರುತ್ತದೆ. ಲಿನಕ್ಸ್‌ನಲ್ಲಿ ಕಾಪಿ ಮಾಡಲು ಹೋದರೆ ಇನ್‌ಪುಟ್ ಔಟ್‌ಪುಟ್ ಎರರ್ ಬರುತ್ತದೆ, ಡಿಸ್ಕ್ ಕೆಟ್ಟಿದೆ ಅಂತ ತಿಳಿಯಬೇಡಿ. ವಿಸಿಡಿಇಮೇಜರ್ ಜೊತೆ ಬರುವ ವಿಸಿಡಿಎಕ್ಸ್‌ರಿಪ್ ಬಳಸಿ, ಎಂಪಿಜಿ ಫೈಲ್ ಆಗಿ ಹೊರಗೆ ಬರುತ್ತದೆ. ಪೂರ್ತಿ ಡಿಸ್ಕಿನ ನಕಲು ಬೇಕಾದರೆ ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲ್‌ಗಳ ರೂಪದಲ್ಲಿ ಮಾಡಿ.

ಹೊರನಾಡ ಅಮ್ಮ, ನ್ಯೂ ಜೆರ್ಸಿ

ಇಲ್ಲೇ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಮಗಳಿಗೆ ಅಕ್ಷರ ಕಲಿಸಲು ಬೆಂಗಳೂರಿನಿಂದ ಕನ್ನಡ ವರ್ಣಮಾಲೆಯ ಡಿ.ವಿ.ಡಿ.ಗಳನ್ನು ತಂದಿದ್ದೇವೆ. ಟಿ.ವಿ. ಕೆಳಗಿನ ಪ್ಲೇಯರ್ ತೆಗೆದುಕೊಳ್ಳುವುದೇ ಇಲ್ಲ. ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲೂ ಮೀಡಿಯಾ ಪ್ಲೇಯರ್ ತೆರೆಯಲಿಲ್ಲ.

ಲ್ಯಾಬ್ ರಿಪೇರಿ, ದಾವಣಗೆರೆ

ಅಮ್ಮಾ, ಎರಡು ಬೇರೆ ಕಾರಣ. ಒಂದು ವಲಯದ ಡಿ.ವಿ.ಡಿ. ಇನ್ನೊಂದು ವಲಯದ ಪ್ಲೇಯರ್‌ನಲ್ಲಿ ಓಡದಂತೆ ಮಾಡಿರುತ್ತಾರೆ: ಭಾರತ ವಲಯ 5, ಅಮೆರಿಕ ವಲಯ 1. ವಲಯದ ಗುರುತು ಇಲ್ಲದ ಡಿಸ್ಕ್ ಆದರೂ ನಮ್ಮದು ಪಾಲ್, ಅಲ್ಲಿನ ಪ್ಲೇಯರ್‌ಗಳು ಎನ್‌ಟಿಎಸ್‌ಸಿ ಎಂಬ ಅಲ್ಲಿನ ಟಿ.ವಿ. ಪದ್ಧತಿಗೆ ಮಾಡಿದವು. ಲ್ಯಾಪ್‌ಟಾಪ್‌ಗೆ ಪಾಲ್ ಆದರೂ ಒಂದೇ, ಎನ್‌ಟಿಎಸ್‌ಸಿ ಆದರೂ ಒಂದೇ. ಆದರೆ ವಿಂಡೋಸ್ 8ರಿಂದ ಡಿ.ವಿ.ಡಿ. ಓಡಿಸುವ ಭಾಗವನ್ನು ಮೀಡಿಯಾ ಪ್ಲೇಯರ್‌ನಿಂದ ತೆಗೆದಿದ್ದಾರೆ. ವಿಎಲ್‌ಸಿ ಹಾಕಿ, ಮೀಡಿಯಾ ಮೆನುವಿನಲ್ಲಿ ಓಪನ್ ಡಿಸ್ಕ್ ಕೊಡಿ. ಡ್ರೈವ್‌ನ ವಲಯ ಬದಲಿಸಬೇಕೇ ಅಂತ ಕೇಳಿದರೆ ಯೋಚಿಸಿ ಒತ್ತಿ. ಸಾಮಾನ್ಯವಾಗಿ ಐದು ಸಲ ಮಾತ್ರ ಬದಲಿಸಬಹುದು, ಆಮೇಲೆ ಕೊನೆಯದ್ದಕ್ಕೇ ಅಂಟಿಕೊಳ್ಳುತ್ತದೆ. ಊರಿನ ಡಿಸ್ಕ್‌ಗಳಿಗೇ ಅಂತ ಒಂದು ಡ್ರೈವ್ ಬೇರೆ ಇಟ್ಟುಕೊಂಡರೆ ಒಳ್ಳೆಯದು.

ಮ್ಯಾಕ್ ಬಳಸುವವರು, ಬೆಂಗಳೂರು

ಎಂಒವಿ ಫೈಲ್ ಇರುವವರಿಗೆ ಒಂದು ಮಾತು. ಹಳೇ ಸಿ.ಡಿ.ಗಳ ಜೊತೆ ಕ್ವಿಕ್‌ಟೈಮ್ ಎಂಬ ಆ್ಯಪಲ್‌ನ ವಿಡಿಯೋ ತಂತ್ರಾಂಶದ ಸೆಟಪ್ ಬರುತ್ತದೆ, ವಿಂಡೋಸ್‌ನಲ್ಲಿ ಅದನ್ನು ಹಾಕಬೇಡಿ. 2016ರಲ್ಲಿ ಆ್ಯಪಲ್ ವಿಂಡೋಸ್ ಕ್ವಿಕ್‌ಟೈಮ್ ಅನ್ನು ಕೈಬಿಟ್ಟಿತು. ಸರಿಪಡಿಸದ ದೋಷಗಳಿವೆ, ತೆಗೆದುಹಾಕಿ ಅಂತ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ವಿಭಾಗವೇ ಹೇಳಿತು. ಫೈಲ್ ಮಾತ್ರ ಬೇಕಾದರೆ ವಿಎಲ್‌ಸಿ ಸಾಕು. ಮೆನುವೇ ಬೇಕಾದರೆ ನೆಟ್ ಇಲ್ಲದ ವರ್ಚುವಲ್ ಯಂತ್ರದೊಳಗೆ ಹಾಕಿ.

ಮ್ಯಾಕ್‌ಗೂ ವಿಂಡೋಸ್‌ಗೂ ಒಂದೇ ಡಿಸ್ಕ್ ಆಗಿದ್ದರೆ ಅದರಲ್ಲಿ ಎರಡು ಭಾಗ ಇರುತ್ತವೆ, ಮ್ಯಾಕ್ ಭಾಗ ವಿಂಡೋಸ್‌ಗೆ ಕಾಣಿಸುವುದಿಲ್ಲ. 2019ರ ಕ್ಯಾಟಲೀನಾ ಎಂಬ ಮ್ಯಾಕ್ ಆವೃತ್ತಿಯಿಂದ ಈಚೆಗೆ ಹೊಸ ಮ್ಯಾಕ್‌ಗಳೂ ಆ ಹಳೇ ಭಾಗವನ್ನು ಓದುವುದಿಲ್ಲ, 32 ಬಿಟ್ ಪ್ರೋಗ್ರಾಂಗಳನ್ನೂ ಓಡಿಸುವುದಿಲ್ಲ.

ವಿಜ್ಞಾನ ಮೇಡಂ, ಸಾಗರ

ವಿ.ಸಿ.ಡಿ.ಯೂ ಓಡಿತು. ಕನ್ನಡ ಬರಹವೂ ಬಂತು. ಪಕ್ಕದ ಶಾಲೆಯವರು ಕೇಳಿ ಅವರ ಗಣಿತದ ಡಿಸ್ಕ್ ಕಳಿಸಿದ್ದಾರೆ. ಅದರಲ್ಲಿ ವಿಡಿಯೋ ಇಲ್ಲ, ಎಸ್‌ಡಬ್ಲ್ಯುಎಫ್ ಫೈಲ್‌ಗಳೇ ತುಂಬಿವೆ. ಬ್ರೌಸರ್‌ನಲ್ಲಿ ತೆರೆದರೆ ಖಾಲಿ ಪುಟ.

ಹಳೇ ಸಿ.ಡಿ. ಸಂಗ್ರಹ, ಮೈಸೂರು

ಅದು ಫ್ಲ್ಯಾಶ್, ಚಲಿಸುವ ಚಿತ್ರ ಮತ್ತು ಆಟಗಳನ್ನು ಬ್ರೌಸರ್‌ನಲ್ಲಿ ತೋರಿಸಲು ಆಗ ಬಳಸುತ್ತಿದ್ದ ತಂತ್ರಾಂಶ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಪ್ಲೇಯರ್ ತಾನೇ ತಡೆಯತೊಡಗಿತು. ಡಿಸ್ಕ್‌ನಲ್ಲಿ ಇಎಕ್ಸ್ಇ ಫೈಲ್ ಇದೆಯೇ ಮೊದಲು ನೋಡಿ. ಫ್ಲ್ಯಾಶ್‌ನಿಂದಲೇ ಇಎಕ್ಸ್ಇ ಮಾಡಿದ್ದರೆ ಪ್ಲೇಯರ್ ಅದರೊಳಗೇ ಇರುತ್ತದೆ, ಬ್ರೌಸರ್ ಬೇಡ, ಈಗಲೂ ಓಡುತ್ತದೆ. ಇಲ್ಲದಿದ್ದರೆ ರಫಲ್ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಡಬ್ಲ್ಯುಎಫ್ ತೆರೆಯಿರಿ. ಹಳೆಯ ಆವೃತ್ತಿಯವು ಚೆನ್ನಾಗಿ ಬರುತ್ತವೆ, ಆಮೇಲಿನ ಕೆಲವು ಅರ್ಧಕ್ಕೆ ನಿಲ್ಲಬಹುದು. ಫೈಲ್‌ಗಳನ್ನು ಬಿಡಿಬಿಡಿಯಾಗಿ ಕಾಪಿ ಮಾಡಬೇಡಿ, ಒಂದು ಇನ್ನೊಂದನ್ನು ಅದೇ ಫೋಲ್ಡರ್‌ನಲ್ಲಿ ಹುಡುಕುತ್ತದೆ.

ಮೊದಲು ಐಎಸ್ಒ ಮಾಡಿ, ಆಮೇಲೆ ಯಾವ ಫೈಲ್ ಮೊದಲು ತೆರೆಯುತ್ತದೆ ಅಂತ ಆಟೋರನ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಅದರಲ್ಲಿ ಇರುವ ಸಾಲನ್ನು ಇಲ್ಲಿ ಹಾಕಿ ಮೇಡಂ, ಮುಂದಿನದ್ದು ನೋಡೋಣ.